ಸಿದ್ದಿ ಕೌದಿ: ಒಂಬತ್ತು ಸುತ್ತು ಹೊಲಿದ ಮೇಲೆ ನಡು ಉಬ್ಬಿದೆ, ಮೂಲೆಯಲ್ಲಿ ಸೂಜಿ ಇಳಿಯುತ್ತಿಲ್ಲ

ಪ್ರಶ್ನೆ | ಶಿರಸಿ_ಸೂಜಿ

ಎಲ್ಲರಿಗೂ ನಮಸ್ಕಾರ. ಉತ್ತರ ಕನ್ನಡದ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕ್ರಮದಲ್ಲೇ, ಅಂದರೆ ಅಂಚಿನಲ್ಲಿ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುವ ಹಾಗೆ, ತೊಟ್ಟಿಲ ಕೌದಿ (ಹಳೇ ಬಟ್ಟೆಯ ತೇಪೆ ಹೊದಿಕೆ) ಒಂದನ್ನು ಹಿಡಿದಿದ್ದೇನೆ. ಅಳತೆ 24×36 ಇಂಚು. ಅಡಿಗೆ ಹಳೇ ಕಾಟನ್ ಸೀರೆ ಒಂದು ಪದರ, ನಡುವೆ ಹಳೇ ಬೆಡ್‌ಶೀಟ್ ಒಂದು ಪದರ, ಮೇಲೆ 5 ಇಂಚು ಚೌಕದ ತೇಪೆಗಳು. ಸಾಲಿನಿಂದ ಸಾಲಿಗೆ ಕಾಲು ಇಂಚು ಅಂತರ. ಮಷೀನಿನ ದಾರವನ್ನೇ ಎರಡೆಳೆ ಮಾಡಿ ಹೊಲಿಯುತ್ತಿದ್ದೇನೆ.

ಒಂಬತ್ತು ಸುತ್ತು ಆಗಿದೆ. ಈಗ ಅಳೆದರೆ 24 ಇಂಚಿನ ಬದಿ 22ಕ್ಕೆ ಬಂದಿದೆ. ನೆಲದ ಮೇಲೆ ಹಾಸಿದರೆ ನಡುಭಾಗ ಬೋರಲು ಹಾಕಿದ ಬುಟ್ಟಿಯ ಹಾಗೆ ಎದ್ದು ನಿಲ್ಲುತ್ತದೆ. ಇಷ್ಟನ್ನೂ ಬಿಚ್ಚಬೇಕೇ, ಅಥವಾ ಮುಂದೆ ಹೊಲಿಯುತ್ತಾ ಹೋದರೆ ಸರಿಹೋಗುತ್ತದೆಯೇ?

ಎರಡನೆಯದು ಫುಲಾ, ಅಂದರೆ ಮೂಲೆಯಲ್ಲಿ ಅಲಂಕಾರಕ್ಕೆ ಸಿಕ್ಕಿಸುವ ತ್ರಿಕೋನಾಕಾರದ ಬಟ್ಟೆ ಮಡಿಕೆ. ಮೂರು ಮಡಿಸಿದ ತುಂಡುಗಳನ್ನು ಒಂದರೊಳಗೊಂದು ಇಟ್ಟು ಸಿಕ್ಕಿಸಿದೆ. ಎರಡು ಸೂಜಿ ಮುರಿದವು, ಮೂಲೆ ಹುಣಸೆಬೀಜದ ಹಾಗೆ ಗಟ್ಟಿಯಾಗಿದೆ. ಮೂರನೆಯದು ದಾರ: 100 ಮೀಟರಿನ ರೀಲು ಆಗಲೇ ಅರ್ಧಕ್ಕಿಂತ ಹೆಚ್ಚು ಮುಗಿದಿದೆ. ಇಡೀ ಕೌದಿಗೆ ಎಷ್ಟು ಬೇಕಾಗಬಹುದು? ಕೊನೆಯಲ್ಲಿ ನಡುವನ್ನು ಮುಚ್ಚುವುದು ಹೇಗೆ ಅನ್ನುವುದನ್ನೂ ತಿಳಿದವರು ಹೇಳಿ.

ಉತ್ತರ 1 | ಮುಂಡಗೋಡ_ಮಳೆ

ಮೊದಲು ಉಬ್ಬಿನ ವಿಷಯ, ಉಳಿದದ್ದೆಲ್ಲ ಆಮೇಲೆ.

24 ಇಂಚು 22 ಆಗಿದೆ ಅಂದರೆ ಪ್ರತಿ ಒಂದು ಅಡಿ ಉದ್ದಕ್ಕೆ ಒಂದು ಇಂಚು ಎಳೆದುಕೊಂಡಿದೆ. ಅದೇ ಬಿಗಿಯಲ್ಲಿ 36 ಇಂಚಿನ ಬದಿ 33 ಆಗಿರಬೇಕು, ಅಳೆದು ನೋಡಿ. ನಾಲ್ಕೂ ಬದಿ ಸೇರಿ 120 ಇಂಚು ಇದ್ದ ಸುತ್ತಳತೆ 110ಕ್ಕೆ ಇಳಿದಿದೆ, ಒಳಗಿನ ಬಟ್ಟೆ ಮಾತ್ರ ಮೊದಲಿದ್ದಷ್ಟೇ ಇದೆ. ಹೊರಗಿನ ಚೌಕಟ್ಟು ಚಿಕ್ಕದಾಗಿ ಒಳಗಿನ ಬಟ್ಟೆ ದೊಡ್ಡದಾಗಿ ಉಳಿದರೆ ಅದು ಮೇಲಕ್ಕೇ ಏಳಬೇಕು, ಬೇರೆ ಜಾಗವಿಲ್ಲ. ಒಂದು ಅಡಿ ಉದ್ದಕ್ಕೆ ಅರ್ಧ ಇಂಚಿನ ಎಳೆತ ಕೈಹೊಲಿಗೆಯಲ್ಲಿ ಸಹಜ, ಸಿದ್ದಿ ಕೌದಿಗೆ ಆ ಅಲೆಅಲೆಯಾದ ಮೈ ಬರುವುದೇ ಅದರಿಂದ. ಒಂದು ಇಂಚು ಜಾಸ್ತಿಯಾಯಿತು.

ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ಕೌದಿಯನ್ನು ಸಿಮೆಂಟ್ ನೆಲದ ಮೇಲೆ ಹಾಸಿ, ಉಬ್ಬಿನ ಮೇಲೆ ಎರಡೂ ಅಂಗೈ ಇಟ್ಟು ನಿಧಾನವಾಗಿ ಸುತ್ತಲೂ ತಟ್ಟಿ. ಉಬ್ಬು ಹತ್ತಾರು ಸಣ್ಣ ಸುಕ್ಕುಗಳಾಗಿ ಹರಡಿಕೊಂಡರೆ ಬಿಚ್ಚಬೇಡಿ, ಮುಂದಿನ ಸುತ್ತುಗಳು ಅದನ್ನು ತಿಂದುಹಾಕುತ್ತವೆ. ಒಂದೇ ದೊಡ್ಡ ಮಡಿಕೆಯಾಗಿ ಒಂದು ಕಡೆಗೆ ಓಡಿದರೆ ಬಿಚ್ಚಲೇಬೇಕು. ಮುಂದೆ ಹೊಲಿದಷ್ಟೂ ಆ ಮಡಿಕೆ ನಡುವಿಗೆ ತಳ್ಳಿಕೊಂಡು ಹೋಗಿ ಕೊನೆಯ ತೇಪೆಯ ಅಡಿಯಲ್ಲಿ ಗಂಟಾಗಿ ಕೂರುತ್ತದೆ. ಒಂಬತ್ತು ಸುತ್ತಿಗೆ ಎರಡೂಕಾಲು ಇಂಚಷ್ಟೇ ಆಗಿದೆ. ನೀವಿನ್ನೂ ಮೊದಲ ಸಾಲಿನ ತೇಪೆಗಳ ಮೇಲೇ ಇದ್ದೀರಿ, ಬಿಚ್ಚಿದರೂ ತೇಪೆಗಳ ಜೋಡಣೆ ಕೆಡುವುದಿಲ್ಲ.

ಎಳೆತ ಬರಲು ಕಾರಣ ಎರಡು. ಒಂದು, ಸೂಜಿಯಲ್ಲಿ ನಾಲ್ಕೈದು ಟಾಕಿ (ಒಂದೊಂದು ಚಿಕ್ಕ ಹೊಲಿಗೆ) ತುಂಬಿಸಿ ದಾರ ಎಳೆದ ಮೇಲೆ ಅಲ್ಲೇ ಬಿಟ್ಟು ಮುಂದೆ ಹೋಗುವುದು. ದಾರ ಎಳೆದ ಪ್ರತಿ ಸಲ ಹೆಬ್ಬೆರಳಿನಿಂದ ಹೊಲಿದ ದಿಕ್ಕಿನಲ್ಲೇ ಸಾಲನ್ನು ನೀವಬೇಕು. ಸುಕ್ಕಾಗಿದ್ದ ಬಟ್ಟೆ ದಾರದ ಮೇಲೆ ಜಾರಿ ಹರಡಿಕೊಳ್ಳುತ್ತದೆ. ನೀವಿದ ಮೇಲೂ ಟಾಕಿಯ ಎರಡೂ ತುದಿಯಲ್ಲಿ ಬಟ್ಟೆ ಕುಳಿಬಿದ್ದಂತೆ ಕಂಡರೆ ದಾರ ಬಿಗಿ ಅಂತ ಅರ್ಥ. ಎರಡನೇ ಕಾರಣ ಎಡಗೈ. ಕೌದಿಯ ಅಡಿಗೆ ಕೈ ತೂರಿಸಿ ಬಟ್ಟೆ ಎತ್ತಿ ಹೊಲಿದರೆ ಅಡಿ ಸೀರೆ ಪ್ರತಿ ಟಾಕಿಗೂ ಒಂದು ಎಳೆಯಷ್ಟು ಒಳಕ್ಕೆ ಸರಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಸಿದ್ದಿ ಹೆಂಗಸರು ನೆಲದ ಮೇಲೆ ಕಾಲು ಚಾಚಿ ಕೂತು ಹೊಲಿಯುವುದನ್ನು ಗಮನಿಸಿ: ಕೌದಿಯ ಭಾರ ನೆಲದ ಮೇಲೇ ಇರುತ್ತದೆ, ಎಡಗೈ ಮೇಲಿನಿಂದ ಬಟ್ಟೆ ಒತ್ತಿ ಹಿಡಿದಿರುತ್ತದೆ. ಚಾಪೆ, ಜಮಖಾನದ ಮೇಲೆ ಕೂತರೆ ಅದನ್ನೂ ಸೇರಿಸಿ ಹೊಲಿದುಬಿಡುತ್ತೀರಿ. ಹೊಲಿಯುವ ಜಾಗದ ಅಡಿಗೆ ಒಂದು ಮಣೆಯೋ ದಪ್ಪ ರಟ್ಟೋ ಇಟ್ಟುಕೊಳ್ಳಿ.

ಪ್ರತಿ ಸುತ್ತು ಮುಗಿದಾಗ ಕೌದಿ ಮಗುಚಿ ಅಡಿ ಸೀರೆಯನ್ನು ಅಂಗೈಯಿಂದ ನಡುವಿನಿಂದ ಅಂಚಿನ ಕಡೆಗೆ ಸವರಿ. ಅಂಚಿನಿಂದ ನಡುವಿಗೆ ಸವರಿದರೆ ಸಡಿಲವನ್ನು ನೀವೇ ಒಳಗೆ ತಳ್ಳಿದಂತೆ.

ಬೆಡ್‌ಶೀಟ್ ಪದರವನ್ನು ಅಂಚಿನ ಮಡಿಕೆಯೊಳಗೆ ಸೇರಿಸಿದ್ದೀರಾ? ಸೇರಿಸಬಾರದು. ಅಡಿ ಸೀರೆ 25×37 ಕತ್ತರಿಸಿ, ನಾಲ್ಕೂ ಕಡೆ ಅರ್ಧ ಇಂಚು ಒಳಕ್ಕೆ ಮಡಿಸಿ 24×36 ಮಾಡಿಕೊಂಡು, ನಡುವಿನ ಪದರವನ್ನು 23×35 ಇಟ್ಟು, ಆ ಮಡಿಕೆಯ ಹತ್ತಿರಕ್ಕೆ ಬಂದು ನಿಲ್ಲುವಂತೆ ಹಾಸಬೇಕು. ಆಗ ಅಂಚಿನಲ್ಲಿ ಸೂಜಿಗೆ ಸಿಗುವುದು ಸೀರೆಯ ಎರಡು, ತೇಪೆಯ ಎರಡು, ಒಟ್ಟು ನಾಲ್ಕೇ ಪದರ.

ಉತ್ತರ 2 | ಯಲ್ಲಾಪುರ_ತೇಪೆ

ಮೇಲಿನವರು ಹೇಳಿದ್ದು ಸರಿ. ತೇಪೆ ಇಡುವ ಕ್ರಮದಲ್ಲೂ ಒಂದು ತಪ್ಪು ಇರಬಹುದು ಅನ್ನಿಸುತ್ತದೆ. ತೇಪೆಗಳನ್ನೆಲ್ಲ ಮೊದಲೇ ಪಿನ್ ಹಾಕಿ ಜೋಡಿಸಿಕೊಂಡಿದ್ದೀರಾ? ಹೊರದೇಶದವರು ‘ಕವಂದಿ’ ಅನ್ನುವ ಹೆಸರಲ್ಲಿ ಇದನ್ನು ಕಲಿಸುತ್ತಾರೆ, ಅಲ್ಲಿ ಹೊಸ ಕಾಟನ್ ಬಟ್ಟೆ, ಪಿನ್ನು, ಇಸ್ತ್ರಿ ಎಲ್ಲ ಇರುತ್ತದೆ. ನಮ್ಮ ಕಡೆ ತೇಪೆಯನ್ನು ಒಂದೊಂದಾಗಿ, ಸೂಜಿ ಅಲ್ಲಿಗೆ ಬಂದಾಗ ಮಾತ್ರ ಇಡುತ್ತಾರೆ. ಅದು ಬರೀ ಅಭ್ಯಾಸ ಅಲ್ಲ, ಕಾರಣವಿದೆ. ಹೊಲಿದಂತೆ ಬಟ್ಟೆ ಸ್ವಲ್ಪ ಸರಿಯುತ್ತದೆ, ಮುಂದಿನ ತೇಪೆಯನ್ನು ಆ ಸರಿದ ಜಾಗಕ್ಕೆ ಹೊಂದಿಸಿ ಇಟ್ಟರೆ ಲೆಕ್ಕ ತಾನೇ ಸರಿಹೋಗುತ್ತದೆ. ಮೊದಲೇ ಪಿನ್ ಹಾಕಿದ್ದರೆ ಆ ಸಡಿಲವೆಲ್ಲ ಕೊನೆಯ ತೇಪೆಯ ಪಕ್ಕ ಬಂದು ಬೀಳುತ್ತದೆ. ಬಣ್ಣದ ಹೊಂದಿಕೆಯನ್ನೂ ಹಾಗೆ ಹೊಲಿಯುತ್ತಲೇ ನೋಡಿಕೊಳ್ಳಬಹುದು.

ಇಡುವ ಕ್ರಮ ಹೀಗೆ. ಬಲಗೈಯವರು ಬಲದಿಂದ ಎಡಕ್ಕೆ ಹೊಲಿಯುತ್ತಾರೆ, ಕೌದಿಯ ಅಂಚು ನಿಮ್ಮ ಹೊಟ್ಟೆಯ ಕಡೆಗಿರಬೇಕು. ಬಲಮೂಲೆಯ ಮೊದಲ ತೇಪೆಗೆ ಎರಡು ಬದಿ ಮಡಿಕೆ: ನಿಮ್ಮ ಕಡೆಯದು, ಬಲಗಡೆಯದು. ಸೀರೆಯ ಮಡಿಕೆಗೆ ತೇಪೆಯ ಮಡಿಕೆ ಎದುರಾಗಿ ಕೂರಬೇಕು, ಆಗ ಕತ್ತರಿಸಿದ ಅಂಚುಗಳೆರಡೂ ಒಳಗೆ ಅಡಗುತ್ತವೆ. ಅಂಚಿನಿಂದ ಒಂದು ಎಂಟನೇ ಭಾಗ ಇಂಚು ಬಿಟ್ಟು ಮೊದಲ ಸಾಲು. ತೇಪೆಯ ಎಡ ಅಂಚಿಗೆ ಒಂದು ಇಂಚು ಇರುವಾಗ ನಿಲ್ಲಿಸಿ ಎರಡನೇ ತೇಪೆ ತೆಗೆದುಕೊಳ್ಳಿ. ಅದರ ಕೆಳಬದಿ ಮತ್ತು ಬಲಬದಿಯನ್ನು ಅರ್ಧ ಇಂಚು ಮಡಿಸಿ, ಬಲಬದಿ ಮೊದಲ ತೇಪೆಯ ಮೇಲೆ ಅರ್ಧ ಇಂಚು ಹತ್ತುವಂತೆ ಇಟ್ಟು ಮುಂದೆ ಸಾಗಿ. ಎಡ ಅಂಚು, ಮೇಲಿನ ಅಂಚು ಎರಡನ್ನೂ ಮಡಿಸಬೇಡಿ. ಅವನ್ನು ಮುಂದೆ ಬರುವ ತೇಪೆಗಳು ಮುಚ್ಚುತ್ತವೆ.

ಎಡಮೂಲೆಗೆ ಬಂದಾಗ ಅಲ್ಲಿನ ತೇಪೆಯ ಎಡಬದಿಯನ್ನೂ ಮಡಿಸಿ ಕೂರಿಸಿ. ಸಾಲು ತಿರುಗುವ ಜಾಗದಲ್ಲಿ ಸೂಜಿ ಲಂಬವಾಗಿ, ಸರಿಯಾದ ಮೂಲೆಮಟ್ಟದಲ್ಲಿ ತಿರುಗಲಿ. ಸುಲಭವಾಗಲಿ ಎಂದು ದುಂಡಗೆ ತಿರುಗಿಸಿದರೆ ಐದಾರು ಸುತ್ತಿನೊಳಗೆ ಒಳಗಿನ ಆಯತ ಮೊಟ್ಟೆಯಾಕಾರಕ್ಕೆ ಬರುತ್ತದೆ, ಮೂಲೆಗಳಲ್ಲಿ ಹೊಲಿಗೆಯಿಲ್ಲದ ತ್ರಿಕೋನಗಳು ಸಡಿಲವಾಗಿ ಉಳಿಯುತ್ತವೆ. ತಿರುಗಿದ ಮೇಲೆ ನೀವು ಸರಿಯಬೇಡಿ, ಕೌದಿಯ ಎಡಬದಿ ನಿಮ್ಮ ಮುಂದೆ ಬರುವಂತೆ ಅದನ್ನು ತಿರುಗಿಸಿ. ಎಡಗೈಯವರಿಗೆ ಇದೆಲ್ಲ ತಿರುವುಮುರುವು.

ತೇಪೆಗಳ ಮೇಲಂಚಿಗೆ ಅರ್ಧ ಇಂಚು ಉಳಿದಾಗ ಸಾಲು ನಿಲ್ಲಿಸಿ ಎರಡನೇ ಸುತ್ತಿನ ತೇಪೆ ಶುರು ಮಾಡಬೇಕು. ಕತ್ತರಿಸಿದ ಅಂಚಿನವರೆಗೂ ಹೊಲಿದುಬಿಟ್ಟರೆ ಆ ಅಂಚು ಎಳೆಎಳೆಯಾಗಿ ಹೊರಗೆ ಇಣುಕುತ್ತದೆ. ಎರಡನೇ ಸುತ್ತಿನ ತೇಪೆಗಳ ಜೋಡು ಮೊದಲನೆಯದರ ಜೋಡಿನ ಮೇಲೇ ಬೀಳದಂತೆ ಅರ್ಧ ತೇಪೆಯಷ್ಟು ಪಕ್ಕಕ್ಕಿಡಿ, ಇಟ್ಟಿಗೆ ಗೋಡೆಯ ಹಾಗೆ. ಜೋಡಿನ ಮೇಲೆ ಜೋಡು ಬಂದರೆ ಪದರ ತುಂಬಾ ಹೆಚ್ಚಾಗುತ್ತದೆ.

ಇನ್ನು ಫುಲಾ. ನಿಮ್ಮ ಮೂಲೆ ಯಾಕೆ ಕಲ್ಲಾಯಿತು ಅಂತ ಪದರ ಎಣಿಸಿ ನೋಡಿ. 3 ಇಂಚಿನ ಚೌಕವನ್ನು ಅರ್ಧಕ್ಕೆ ಮಡಿಸಿ, ಎರಡು ಮೂಲೆಗಳನ್ನು ನಡುವಿಗೆ ತಂದು ತ್ರಿಕೋನ ಮಾಡಿ, ಅದನ್ನು ಮತ್ತೆ ನಡುವೆ ಮಡಿಸಿದರೆ ಒಂದು ಫುಲಾಕ್ಕೆ ಎಂಟು ಪದರ. ಮೂರು ಇಟ್ಟರೆ ಇಪ್ಪತ್ತನಾಲ್ಕು. ಎರಡೂ ಕಡೆ ಮಡಿಸಿದ ಸೀರೆಯ ಮೂಲೆ ನಾಲ್ಕು, ತೇಪೆಯ ಮೂಲೆ ನಾಲ್ಕು. ಮೂವತ್ತೆರಡು ಪದರಕ್ಕೆ ಯಾವ ಸೂಜಿಯೂ ಇಳಿಯುವುದಿಲ್ಲ.

ಪರಿಹಾರ: ಸೀರೆಯ ಮೂಲೆ, ತೇಪೆಯ ಮೂಲೆ ಎರಡರ ತುದಿಯನ್ನೂ ಮಡಿಸುವ ಮೊದಲೇ ಓರೆಯಾಗಿ ಕತ್ತರಿಸಿ ತೆಗೆಯಿರಿ. ಅಲ್ಲೇ ನಾಲ್ಕು ಪದರ ಕಡಿಮೆಯಾಗುತ್ತದೆ. ಫುಲಾಕ್ಕೆ ತೆಳು ವಾಯಿಲ್ ಸೀರೆಯ ಚೂರು ಬಳಸಿ, ಮೊದಲ ಕೌದಿಗೆ ಮೂಲೆಗೊಂದೇ ಸಾಕು. ಎರಡು ಬೇಕೆಂದರೆ ಎರಡನೆಯದನ್ನು ಚಿಕ್ಕದಾಗಿ ಮಡಿಸಿ, ಬುಡಗಳು ಒಂದರ ಮೇಲೊಂದು ಬರದಂತೆ ಕಾಲು ಇಂಚು ಮುಂದೆ ಇಡಿ. 3 ಇಂಚಿನ ಚೌಕದ ಫುಲಾಕ್ಕೆ ಬುಡ ಒಂದೂವರೆ ಇಂಚು ಅಗಲ ಬರುತ್ತದೆ, ಅದು ಪೂರ್ತಿ ಅಡಗಬೇಕಾದರೆ ಮೂಲೆಯಿಂದ ಮುಕ್ಕಾಲು ಇಂಚು ಒಳಗೆ ಹೋಗಬೇಕು, ಉಳಿದ ಮುಕ್ಕಾಲು ಇಂಚು ಹೊರಗೆ ಕಾಣುತ್ತದೆ. ಫುಲಾವನ್ನು ಮೊದಲು ಅಡಿ ಸೀರೆಗಷ್ಟೇ ನಾಲ್ಕು ಟಾಕಿ ಹಾಕಿ ನಿಲ್ಲಿಸಿ, ಆಮೇಲೆ ಮೇಲೆ ತೇಪೆ ಮುಚ್ಚಿ. ಆ ಜಾಗದಲ್ಲಿ ಸೂಜಿಯನ್ನು ಓರೆ ಹಾಯಿಸದೆ ನೆಟ್ಟಗೆ ಕೆಳಕ್ಕೆ, ನೆಟ್ಟಗೆ ಮೇಲಕ್ಕೆ, ಒಂದೊಂದೇ ಟಾಕಿ ಹಾಕಿ.

ದಯವಿಟ್ಟು ಫುಲಾ ಬಿಡಬೇಡಿ. ಅದಿಲ್ಲದ ಕೌದಿ ಬೆತ್ತಲೆ ಅನ್ನುವ ಮಾತು ಸಿದ್ದಿ ಹೆಂಗಸರಲ್ಲಿ ಇದೆ.

ಉತ್ತರ 3 | ಧಾರವಾಡ_ಟಾಕಿ

ದಾರದ ಲೆಕ್ಕ ಸರಳ ಐತ್ರಿ. ಉದ್ದ ಅಗಲ ಗುಣಿಸಿ ಸಾಲಿನ ಅಂತರದಿಂದ ಭಾಗಿಸ್ರಿ. 24×36 ಅಂದ್ರ 864, ಅದನ್ನ ಕಾಲು ಇಂಚಿನಿಂದ ಭಾಗಿಸಿದ್ರ 3456 ಇಂಚು, ಅಂದ್ರ 88 ಮೀಟರ್ ಹೊಲಿಗಿ. ಪದರದಾಗ ಮ್ಯಾಲೆ ಕೆಳಗ ಹೋಗೋದು, ಗಂಟು, ಉಳಿಯೋ ತುದಿ ಎಲ್ಲಾ ಸೇರಿ ಇಪ್ಪತ್ತು ಪರ್ಸೆಂಟ್ ಕೂಡಿಸ್ರಿ, ಒಂದೆಳಿಗೆ 105 ಮೀಟರ್ ಆತು. ನೀವು ಎರಡೆಳಿ ಹೊಲೀತೀರಿ, 210 ಮೀಟರ್ ಬೇಕು. ಅದಕ್ಕ ನೂರು ಮೀಟರಿನ ರೀಲು ಲಗೂನ ಖಾಲಿ ಆಗಾಕತ್ತೈತಿ. ಇದೇ ಲೆಕ್ಕದಾಗ ದೊಡ್ಡವರ ಹೊದಿಕಿ 60×90 ಇಂಚಿಂದು ಮಾಡಿದ್ರ ಹೊಲಿಗೀನ 550 ಮೀಟರ್ ಹತ್ರ ಹೋಗ್ತದ. ಅಷ್ಟು ದೊಡ್ಡದಕ್ಕ ಅಂತರ ಅರ್ಧ ಇಂಚು ಇಟ್ರೂ ನಡೀತದ, ದಾರ ಅರ್ಧಕ್ಕ ಇಳೀತದ.

ಎರಡೆಳಿ ಮಷೀನ್ ದಾರ ಬಿಡ್ರಿ. ಎರಡು ಎಳಿ ಒಂದೇ ಸಮ ಎಳಕೊಳ್ಳೂದಿಲ್ಲ, ಒಂದು ಬಿಗಿ ಆಗಿ ಒಂದು ಸಡ್ಲ ಉಳೀತದ, ನಿಮ್ಮ ಸುಕ್ಕಿಗೆ ಅದೂ ಒಂದು ಕಾರಣ. ದಪ್ಪನ ಹತ್ತಿ ದಾರ ಒಂದೆಳಿ ತಗೊಳ್ರಿ. ಒಂದ್ಸಲಕ್ಕ 18ರಿಂದ 20 ಇಂಚು ಸಾಕು. ಮಾರುದ್ದ ತಗೊಂಡ್ರ ಪ್ರತಿ ಟಾಕಿಗೂ ಅದೇ ದಾರ ಬಟ್ಟಿಯೊಳಗ ತಿಕ್ಕಿ ತಿಕ್ಕಿ ಕೊನಿಗೆ ಪಿಂಜಿ ಹರೀತದ. ಜೇನುಮೇಣದ ಮ್ಯಾಲೆ ಒಮ್ಮೆ ಎಳದು ಪೋಣಿಸ್ರಿ, ಗಂಟು ಬೀಳೂದು ಕಡಿಮಿ ಆಗ್ತದ. ದಾರದ ಗಂಟು ಅಡಿಗೆ ಬಿಡಬ್ಯಾಡ್ರಿ, ತೇಪಿ ಮಡಿಕಿಯೊಳಗ ಇಲ್ಲಾ ಪದರದ ನಡುವ ಮುಚ್ರಿ. ಕೂಸಿನ ಮೈಗೆ ಹತ್ತೂದು ಅಡಿ ಸೀರಿ, ನೆನಪಿರಲಿ.

ಡಬ್ಬಣ ಮುಟ್ಟಬ್ಯಾಡ್ರಿ. ಹಳೀ ಸೀರಿಯಾಗ ಅದು ಮಾಡಿದ ತೂತು ಮುಚ್ಚಂಗಿಲ್ಲ. ದಾರ ಹೋಗುವಷ್ಟು ಕಣ್ಣಿರೋ ಸಣ್ಣ ಗಟ್ಟಿ ಸೂಜಿ, ಬೆರಳಿಗೆ ಅಂಗುಸ್ತಾನ. ಇಷ್ಟು ಸಾಕು.

ಶಿರಸಿ_ಸೂಜಿ

ಮೂವರಿಗೂ ತುಂಬಾ ಧನ್ಯವಾದ. ತಟ್ಟಿ ನೋಡಿದೆ, ಉಬ್ಬು ಒಂದೇ ಮಡಿಕೆಯಾಗಿ ಎಡಕ್ಕೆ ಓಡಿತು. ಬಿಚ್ಚುತ್ತಿದ್ದೇನೆ. ಬೆಡ್‌ಶೀಟನ್ನೂ ಅಂಚಿನೊಳಗೆ ಸೇರಿಸಿದ್ದೆ, ಅದನ್ನು ಕತ್ತರಿಸಿ ತೆಗೆದೆ. ತೇಪೆಗಳಲ್ಲಿ ಎರಡು ಪಾಲಿಸ್ಟರ್ ಸೀರೆಯವು, ಒಂದು ಜರಿ ಸೆರಗಿನದು. ಅವು ಇರಬಹುದೇ? ನಡು ಮುಚ್ಚುವುದು ಹೇಗೆ ಅಂತಲೂ ಗೊತ್ತಾಗಲಿಲ್ಲ.

ಉತ್ತರ 4 | ಹಳಿಯಾಳ_ಕೌದಿ

ಬಟ್ಟೆಯಿಂದ ಶುರು ಮಾಡುತ್ತೇನೆ. ಮನೆಯಲ್ಲಿ ಹರಿದದ್ದು ಯಾವುದಿದೆಯೋ ಅದರಿಂದಲೇ ಸಿದ್ದಿ ಕೌದಿ ಹುಟ್ಟುವುದು, ಪಾಲಿಸ್ಟರ್ ಎಷ್ಟೋ ಕೌದಿಗಳಲ್ಲಿ ಇದೆ. ಆದರೆ ಕಲಿಯುವಾಗ ಬೇಡ. ಅದು ಬೆರಳಡಿ ಜಾರುತ್ತದೆ, ಉಗುರಿನಿಂದ ಗೀರಿದ ಮಡಿಕೆ ನಿಲ್ಲುವುದಿಲ್ಲ. ಬಣ್ಣಕ್ಕಾಗಿ ಬೇಕೇ ಬೇಕು ಅನ್ನಿಸಿದರೆ ಎರಡೂ ಪಕ್ಕ ಕಾಟನ್ ತೇಪೆ ಬರುವಂತೆ ಇಡಿ, ಅವು ಹಿಡಿದುಕೊಳ್ಳುತ್ತವೆ. ಜರಿ ಮಾತ್ರ ತೊಟ್ಟಿಲ ಕೌದಿಗೆ ಖಂಡಿತ ಬೇಡ, ಚುಚ್ಚುತ್ತದೆ. ಬನಿಯನ್ ಬಟ್ಟೆಯೂ ಬೇಡ, ಹಿಗ್ಗುತ್ತದೆ. ಹಳೇ ಬಟ್ಟೆ ಇನ್ನೂ ಗಟ್ಟಿಯಿದೆಯೇ ಅಂತ ನೋಡಲು ಎರಡು ಹೆಬ್ಬೆರಳು ಜೋಡಿಸಿ ಬಟ್ಟೆಯನ್ನು ಎರಡೂ ಕಡೆಗೆ ಜೋರಾಗಿ ಎಳೆಯಿರಿ. ಚರ್ ಅಂದರೆ ಅದು ತೇಪೆಗಾಗದು, ನಡುವಿನ ಪದರಕ್ಕೆ ಆದೀತು.

ಹೊಸ ಬಟ್ಟೆ ಸೇರಿಸುವುದಿದ್ದರೆ ಮೊದಲು ಒಗೆದು ಒಣಗಿಸಿ. ಕೆಂಪು, ಕಡುನೀಲಿ ತುಂಡುಗಳನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲೆ ಅರ್ಧ ಗಂಟೆ ಒತ್ತಿಡಿ. ಬಣ್ಣ ಹತ್ತಿದರೆ ಇನ್ನೆರಡು ಸಲ ಒಗೆಯಿರಿ, ಆಗಲೂ ಹತ್ತಿದರೆ ಬಿಟ್ಟುಬಿಡಿ. ಬಿಳಿ ತೇಪೆಯ ಪಕ್ಕ ಬಣ್ಣ ಹರಿದ ಮೇಲೆ ಮಾಡುವಂಥದ್ದು ಏನೂ ಇಲ್ಲ.

ನಡುವಿನ ವಿಷಯ. ನಿಮ್ಮದು ಆಯತವಾದ್ದರಿಂದ ಸುತ್ತುಗಳು ಒಂದು ಚುಕ್ಕಿಗೆ ಬಂದು ಸೇರುವುದಿಲ್ಲ. 36ರಲ್ಲಿ 24 ಕಳೆದರೆ 12, ಅಂದರೆ ಕೊನೆಗೆ ಸುಮಾರು 12 ಇಂಚು ಉದ್ದದ ಪಟ್ಟಿ ಉಳಿಯುತ್ತದೆ. ನಾಲ್ಕು ಕಡೆಯ ತೇಪೆಗಳ ನಡುವೆ 3 ಇಂಚು ಅಗಲ, 15 ಇಂಚು ಉದ್ದದ ಖಾಲಿ ಜಾಗ ಉಳಿದಾಗ ಹೊಲಿಗೆ ನಿಲ್ಲಿಸಿ, ಕೌದಿಯನ್ನು ನೆಲಕ್ಕೆ ಹಾಸಿ, ಅಡಿಯನ್ನು ಕೊನೆಯ ಸಲ ಸವರಿ. ಆ ಜಾಗವನ್ನು ಹಳೇ ಅಳತೆಯ ಪ್ರಕಾರ ಅಂದಾಜು ಮಾಡಬೇಡಿ, ಈಗ ಅಳೆಯಿರಿ, ಎಳೆತದಿಂದ ಅದು ಬದಲಾಗಿರುತ್ತದೆ. ಸಿಕ್ಕ ಅಳತೆಗೆ ಎಲ್ಲಾ ಕಡೆಯೂ ಒಂದೊಂದು ಇಂಚು ಸೇರಿಸಿ ತುಂಡು ಕತ್ತರಿಸಿ: ಅರ್ಧ ಇಂಚು ಹತ್ತಲು, ಅರ್ಧ ಇಂಚು ಮಡಿಸಲು. ಒಂದೇ ತುಂಡು ಬೇಡವೆಂದರೆ ಮೂರಾಗಿ ಇಡಿ. ನಾಲ್ಕೂ ಬದಿ ಮಡಿಸಿ ಕೂರಿಸುವ ತೇಪೆ ಇಡೀ ಕೌದಿಯಲ್ಲಿ ಇದೊಂದೇ.

ಮುಚ್ಚುವ ಮೊದಲು ಆ ಕೊನೆಯ ತೇಪೆಯ ಅಡಿಗೆ ಕೆಲವು ಅಕ್ಕಿಕಾಳು ಇಡುವ ಪದ್ಧತಿ ಇದೆ. ಕೌದಿಯ ಹೊಟ್ಟೆ ಖಾಲಿ ಇರಬಾರದು ಅಂತ. ಬೇಯಿಸದ ಅಕ್ಕಿಯೇ ಆಗಬೇಕು, ನಾಲ್ಕೈದು ಕಾಳು ಸಾಕು. ಅವನ್ನು ಸುತ್ತುವರಿದು ಕಾಲಿಂಚಿನ ಸಾಲು ಹಾಕಿದರೆ ಒಂದೇ ಕಡೆ ನಿಲ್ಲುತ್ತವೆ, ಇಲ್ಲದಿದ್ದರೆ ಪದರದಲ್ಲಿ ಓಡಾಡುತ್ತವೆ.

ಕೌದಿ ಮುಗಿದ ಮೇಲೆ ಎಲ್ಲಿಯಾದರೂ ಬೋಳಾಗಿ ಕಂಡರೆ ಒಂದು, ಒಂದೂವರೆ ಇಂಚಿನ ಗಾಢಬಣ್ಣದ ಚೂರುಗಳನ್ನು ತೇಪೆಯ ಮೇಲೆ ಕೂರಿಸಬಹುದು, ಅವಕ್ಕೆ ಟಿಕೇಲಿ ಅನ್ನುತ್ತಾರೆ. ಆದರೆ ಅವನ್ನು ಸುತ್ತು ಆ ಜಾಗಕ್ಕೆ ಬಂದಾಗಲೇ ಇಟ್ಟರೆ ಸಾಲುಗಳು ಅವುಗಳ ಮೇಲೂ ಹಾದು ಹೋಗಿ ಗಟ್ಟಿಯಾಗಿ ಕೂರುತ್ತವೆ. ಕ್ರೈಸ್ತ ಸಿದ್ದಿಗಳ ಮನೆಯ ಕೌದಿಯಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಗಳ ಮನೆಯದರಲ್ಲಿ ಅರ್ಧಚಂದ್ರ ಕೆಲವೊಮ್ಮೆ ಕಾಣುವುದು.

ಇನ್ನೊಂದು ಮಾತು, ಕೇಳದೇ ಹೇಳುತ್ತಿದ್ದೇನೆ. ಇದನ್ನು ಮುಂದೆ ಮಾರುವ ಯೋಚನೆ ಇದ್ದರೆ ಚೀಟಿಯಲ್ಲಿ ‘ಸಿದ್ದಿ ಕೌದಿ’ ಅಂತ ಬರೆಯಬೇಡಿ, ‘ಸಿದ್ದಿ ಕ್ರಮದಲ್ಲಿ ಹೊಲಿದದ್ದು’ ಅಂತ ಬರೆಯಿರಿ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರು ಇಂದೂ ಇದನ್ನು ಹೊಲಿಯುತ್ತಾರೆ, ಆ ಹೆಸರಿನ ಬೆಲೆ ಅವರಿಗೆ ಸೇರಬೇಕು.

ಶಿರಸಿ_ಸೂಜಿ

ಮಾರುವುದಿಲ್ಲ, ಮನೆಯ ಮಗುವಿಗೆ. ಒಗೆಯುವುದು ಹೇಗೆ? ಮಷೀನಿಗೆ ಹಾಕಬಹುದೇ?

ಉತ್ತರ 5 | ಮುಂಡಗೋಡ_ಮಳೆ

ಮೊದಲ ಎರಡು ಒಗೆತ ಕೈಯಲ್ಲೇ ಮಾಡಿ. ತಣ್ಣೀರು, ಸ್ವಲ್ಪ ಸೋಪಿನ ಪುಡಿ, ಹತ್ತು ನಿಮಿಷ. ನೆನೆಸಿಡಬೇಡಿ. ಹಿಂಡಬೇಡಿ, ಸುರುಳಿ ಸುತ್ತಿ ಕಾಲಲ್ಲಿ ತುಳಿದು ನೀರು ತೆಗೆಯಿರಿ. ಹಿಂಡಿದರೆ ಹಳೇ ಸೀರೆ ಟಾಕಿಯ ಹತ್ತಿರವೇ ಹರಿಯುತ್ತದೆ. ಒದ್ದೆ ಕೌದಿಯನ್ನು ಹಗ್ಗದ ಮೇಲೆ ಒಂದೇ ಎಳೆಯಲ್ಲಿ ನೇತುಹಾಕಿದರೆ ನೀರಿನ ಭಾರಕ್ಕೆ ಹಗ್ಗದ ಗುಂಟ ಹೊಲಿಗೆ ಜಗ್ಗುತ್ತದೆ. ಎರಡು ಹಗ್ಗಗಳ ಮೇಲೆ ಅಗಲವಾಗಿ ಹರಡಿ, ಅಡಿ ಸೀರೆ ಬಿಸಿಲಿಗೆ ಬರುವಂತೆ ಹಾಕಿ. ಮೂಲೆಯ ಫುಲಾ ಕೊನೆಗೆ ಒಣಗುವುದು, ಬೆರಳಲ್ಲಿ ಹಿಸುಕಿ ನೋಡಿಯೇ ಮಡಿಸಿಡಿ.

ಮೊದಲ ಒಗೆತದ ನಂತರ ಇನ್ನೊಮ್ಮೆ ಅಳೆಯಿರಿ. 24ರ ಬದಿ 22½ರಿಂದ 23ರೊಳಗೆ ನಿಂತರೆ ನಿಮ್ಮ ಕೈ ಹದಕ್ಕೆ ಬಂದಿದೆ. ಎಲ್ಲಾದರೂ ಟಾಕಿ ಬಿಟ್ಟಿದ್ದರೆ ಆಗಲೇ ಕಾಣುತ್ತದೆ, ಎರಡೂ ಕಡೆ ಒಂದೊಂದು ಇಂಚು ಹಳೇ ಸಾಲಿನ ಮೇಲೇ ಹಾಯ್ದು ಹೊಸ ದಾರ ಹಾಕಿ ಮುಗಿಸಿ.